ರೈಬೋಸೋಮ್ ಸಂಶೋಧನೆ: ಬೆಂಗಳೂರಿನ ಪ್ರಯೋಗಾಲಯಗಳು, ನಮ್ಮ ಮಕ್ಕಳ ಪಿಎಚ್.ಡಿ.

ಭತ್ತಕ್ಕೆ ದುಂಡಾಣು ಅಂಗಮಾರಿ ತಗುಲಿದರೆ ಸ್ಟ್ರೆಪ್ಟೋಸೈಕ್ಲಿನ್ ಪೊಟ್ಟಣ ತರುವುದು ರೈತರಿಗೆ ಗೊತ್ತಿರುವ ಸಂಗತಿ. ಅದರಲ್ಲಿರುವುದು 90 ಪಾಲು ಸ್ಟ್ರೆಪ್ಟೋಮೈಸಿನ್, 10 ಪಾಲು ಟೆಟ್ರಾಸೈಕ್ಲಿನ್. ಎರಡೂ ಹಿಡಿಯುವುದು ಬ್ಯಾಕ್ಟೀರಿಯಾದ ರೈಬೋಸೋಮನ್ನೇ, ಅಂದರೆ ಜೀವಕೋಶದೊಳಗೆ ಪ್ರೋಟೀನ್ ಹೆಣೆಯುವ ಯಂತ್ರವನ್ನು. ಇನ್ನು ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಈ ರೋಗ ಪಕ್ಕದ ಸಿದ್ದಾಪುರವನ್ನೂ ಕಾಡಿದೆ. ಅದರ ವೈರಸ್ಸಿಗೆ ಸ್ವಂತ ರೈಬೋಸೋಮ್ ಇಲ್ಲ. ಸುಮಾರು 11,000 ಅಕ್ಷರಗಳ ತನ್ನ ಆರ್‌ಎನ್‌ಎಯನ್ನು ನಮ್ಮ ಜೀವಕೋಶದ ರೈಬೋಸೋಮಿಗೆ ಒಪ್ಪಿಸಿ, 3,400ರಷ್ಟು ಅಮೈನೋ ಆಮ್ಲಗಳ ಒಂದೇ ಉದ್ದನೆಯ ಸರಪಳಿ ಮಾಡಿಸಿಕೊಂಡು, ಆಮೇಲೆ ಬೇಕಾದಂತೆ ತುಂಡರಿಸಿಕೊಳ್ಳುತ್ತದೆ. ಶಿರಸಿ ಬಳಿಯ ಹುಲೇಕಲ್ಲಿನ ಹುಡುಗಿಯೊಬ್ಬಳು ರೈಬೋಸೋಮ್ ಓದಲು ಹೊರಟರೆ ಅದು ಅವಳ ಊರಿಗೆ ಸಂಬಂಧವಿಲ್ಲದ ವಿಷಯ ಎನ್ನಲಾಗದು.

ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಜಾರ್ಜ್ ಪಲಾಡೆ ರೈಬೋಸೋಮ್ ಕಣಗಳನ್ನು ವಿವರಿಸಿದ್ದು 1955ರಲ್ಲಿ. ರೈಬೋಸೋಮ್ ಎಂಬ ಹೆಸರು ಬಂದದ್ದು 1958ರಲ್ಲಿ. ಆರ್‌ಎನ್‌ಎಯ ಮೂರು ಮೂರು ಅಕ್ಷರಗಳನ್ನು ಓದಿ ಯಾವ ಅಮೈನೋ ಆಮ್ಲ ಜೋಡಿಸಬೇಕೆಂಬ ಸಂಕೇತವನ್ನು ಬಿಡಿಸಿದ್ದಕ್ಕೆ ಹರಗೋಬಿಂದ್ ಖೊರಾನಾ ಮತ್ತಿಬ್ಬರೊಡನೆ 1968ರಲ್ಲಿ ನೊಬೆಲ್ ಪಡೆದರು. ಆದರೆ ಯಂತ್ರದ ಒಳಗಟ್ಟು ಕಾಣಲು ಹರಳು ಬೇಕಿತ್ತು. ಅಡಾ ಯೊನಾತ್ 1980ರಲ್ಲಿ ಮೊದಲ ಹರಳು ಬೆಳೆಸಿದರು. ಪರಮಾಣು ಮಟ್ಟದ ಚಿತ್ರ ಕೈಗೆ ಸಿಗಲು 2000ದವರೆಗೆ ಕಾಯಬೇಕಾಯಿತು. ಯೊನಾತ್, ಥಾಮಸ್ ಸ್ಟೈಟ್ಜ್, ವೆಂಕಿ ರಾಮಕೃಷ್ಣನ್ ಮೂವರಿಗೂ 2009ರ ರಸಾಯನಶಾಸ್ತ್ರದ ನೊಬೆಲ್ ಬಂತು. ವೆಂಕಿ ಬರೋಡಾದಲ್ಲಿ ಭೌತಶಾಸ್ತ್ರದ ಬಿ.ಎಸ್ಸಿ. ಮುಗಿಸಿ, ಅಮೆರಿಕದಲ್ಲಿ ಅದೇ ವಿಷಯದಲ್ಲಿ ಪಿಎಚ್.ಡಿ. ಮಾಡಿ, ಆಮೇಲೆ ಜೀವಶಾಸ್ತ್ರಕ್ಕೆ ಮತ್ತೆ ವಿದ್ಯಾರ್ಥಿಯಾಗಿ ಸೇರಿದವರು. ಬಿ.ಎಸ್ಸಿ.ಯಲ್ಲಿ ತಾನು ತೆಗೆದುಕೊಂಡ ವಿಷಯವೇ ಬೇರೆ ಎಂದು ಹಿಂಜರಿಯುವವರು ಇದನ್ನು ಗಮನಿಸಬೇಕು.

ಈ ಕ್ಷೇತ್ರ ಬೆಳೆದದ್ದು ಗುರುಶಿಷ್ಯರ ಸಾಲಿನಲ್ಲಿ. ಖೊರಾನಾ ಅವರ ಬಳಿ ಕೆಲಸ ಕಲಿತವರು ಉತ್ತಮ್ ರಾಜಭಂಡಾರಿ. ಅಮೆರಿಕದ ಎಂಐಟಿಯಲ್ಲಿ ರಾಜಭಂಡಾರಿ ಅವರ ಬಳಿ ಪಳಗಿ ಬಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಯೋಗಾಲಯ ಕಟ್ಟಿದವರು ಉಮೇಶ್ ವಾರ್ಷ್ಣೇಯ. ಅವರಿಬ್ಬರು 1990ರಲ್ಲಿ ಪ್ರಕಟಿಸಿದ ಪ್ರಯೋಗವೊಂದನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ಪ್ರೋಟೀನ್ ಹೆಣಿಗೆ ಸಾಮಾನ್ಯವಾಗಿ ಶುರುವಾಗುವುದು ಎಯುಜಿ ಎಂಬ ಸಂಕೇತದಿಂದ. ಕ್ಲೋರಾಂಫೆನಿಕಾಲ್ ಔಷಧಿಯನ್ನು ತಡೆದುಕೊಳ್ಳುವ ಜೀನಿನ ಆರಂಭದಲ್ಲಿ ಅದರ ಬದಲು ಯುಎಜಿ ಎಂಬ ‘ನಿಲ್ಲು’ ಸಂಕೇತವನ್ನು ಇಟ್ಟರು. ಅದನ್ನು ಓದುವಂತೆ ಆರಂಭಿಕ ಟಿಆರ್‌ಎನ್‌ಎಯನ್ನೂ (ಮೊದಲ ಅಮೈನೋ ಆಮ್ಲವನ್ನು ಹೊತ್ತು ತರುವ ಆರ್‌ಎನ್‌ಎ) ಬದಲಿಸಿದರು. ಈ ಟಿಆರ್‌ಎನ್‌ಎ ಕೆಲಸ ಮಾಡಿದರೆ ಮಾತ್ರ ಜೀನು ಓದಲ್ಪಡುತ್ತದೆ, ಬ್ಯಾಕ್ಟೀರಿಯಾ ಔಷಧಿ ಬೆರೆತ ತಟ್ಟೆಯ ಮೇಲೂ ಬದುಕುತ್ತದೆ. ಇಷ್ಟು ಸರಳ ಪರೀಕ್ಷೆ ಕೈಯಲ್ಲಿ ಹಿಡಿದು, ಆರಂಭಿಕ ಟಿಆರ್‌ಎನ್‌ಎಯಲ್ಲಿರುವ ಮೂರು ಜಿ-ಸಿ ಅಕ್ಷರ ಜೋಡಿಗಳನ್ನು ರೈಬೋಸೋಮ್ ಹೇಗೆ ಗುರುತಿಸುತ್ತದೆ ಎಂಬ ಒಂದೇ ಪ್ರಶ್ನೆಯ ಮೇಲೆ ವಾರ್ಷ್ಣೇಯ ಅವರ ವಿದ್ಯಾರ್ಥಿಗಳು ಒಬ್ಬರ ಹಿಂದೊಬ್ಬರಂತೆ ಪ್ರಬಂಧ ಬರೆದರು. ಪಿಎಚ್.ಡಿ. ಎಂದರೆ ದುಬಾರಿ ಯಂತ್ರವೇ ಆಗಬೇಕಿಲ್ಲ, ಒಳ್ಳೆಯ ಪ್ರಶ್ನೆ ಮುಖ್ಯ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತೋಚುವುದಿಲ್ಲ.

ಯಂತ್ರಗಳೂ ಬಂದಿವೆ. 2017ರಲ್ಲಿ ಬೆಂಗಳೂರಿನ ಎನ್‌ಸಿಬಿಎಸ್-ಇನ್‌ಸ್ಟೆಮ್ ಸಂಶೋಧನಾ ಸಂಸ್ಥೆಗಳ ಆವರಣದಲ್ಲಿ ರಾಷ್ಟ್ರೀಯ ಕ್ರಯೋ-ಇಎಂ ಕೇಂದ್ರ ಶುರುವಾದ ಮೇಲೆ ಹರಳು ಬೆಳೆಸದೆಯೇ, ಕ್ಷಣಮಾತ್ರದಲ್ಲಿ ಹೆಪ್ಪುಗಟ್ಟಿಸಿದ ಕಣಗಳಿಂದಲೇ ರಚನೆ ಬಿಡಿಸಬಹುದಾಗಿದೆ. ವೆಂಕಿ ಅವರ ಪ್ರಯೋಗಾಲಯದಲ್ಲಿ ದುಡಿದು ಬಂದ ತನ್ವೀರ್ ಹುಸೇನ್ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೋಟೀನ್ ಹೆಣಿಗೆಯ ಆರಂಭವನ್ನು ಈ ವಿಧಾನದಿಂದ ನೋಡುತ್ತಾರೆ. ಅಲ್ಲೇ ಸಂದೀಪ್ ಈಶ್ವರಪ್ಪ ಅವರದು ರೈಬೋಸೋಮ್ ‘ನಿಲ್ಲು’ ಸಂಕೇತವನ್ನು ದಾಟಿ ಮುಂದೆ ಓದುವ ಪ್ರಸಂಗಗಳ ಅಧ್ಯಯನ. ನರಕೋಶಗಳಲ್ಲಿ ಪ್ರೋಟೀನ್ ತಯಾರಿಯನ್ನು ರವಿ ಮುದ್ದಶೆಟ್ಟಿ ಅಧ್ಯಯನ ಮಾಡುತ್ತ ಬಂದಿದ್ದಾರೆ.

ಈ ಪ್ರಯೋಗಾಲಯಗಳಿಗೆ ಹೋಗುವ ಮುಖ್ಯ ದಾರಿ ಎರಡು. ಶಿರಸಿಯಲ್ಲಿ ಬಿ.ಎಸ್ಸಿ., ಧಾರವಾಡದಲ್ಲೋ ಬೇರೆಲ್ಲೋ ಎಂ.ಎಸ್ಸಿ. ಮುಗಿಸಿ ಸಿಎಸ್‌ಐಆರ್-ನೆಟ್‌ನಲ್ಲಿ ಜೆಆರ್‌ಎಫ್ ಗಳಿಸುವುದು ನಮ್ಮವರಿಗೆ ಪರಿಚಿತ. 2023ರ ಜನವರಿಯಿಂದ ಆ ಫೆಲೋಶಿಪ್ ಮೊದಲೆರಡು ವರ್ಷ ತಿಂಗಳಿಗೆ 37,000, ಆಮೇಲೆ 42,000 ರೂಪಾಯಿ. ಮನೆ ಬಾಡಿಗೆ ಭತ್ಯೆ ಬೇರೆ. ಸಂಶೋಧನೆಗೆ ಹೋದರೆ ಮನೆಯಿಂದ ದುಡ್ಡು ಕಳಿಸಬೇಕು ಎಂಬ ಅಂಜಿಕೆಗೆ ಆಧಾರವಿಲ್ಲ. ಎರಡನೆಯ ದಾರಿ ಬಿ.ಎಸ್ಸಿ. ಆದ ಕೂಡಲೇ ಜಾಮ್ ಪರೀಕ್ಷೆಯ ಮೂಲಕ ಭಾರತೀಯ ವಿಜ್ಞಾನ ಸಂಸ್ಥೆಯ ಇಂಟಿಗ್ರೇಟೆಡ್ ಪಿಎಚ್.ಡಿ. ಸೇರುವುದು. ಇದು ನಮ್ಮ ಕಡೆ ಮಕ್ಕಳ ಕಿವಿಗೆ ಬೀಳುವುದೇ ತಡವಾಗಿ. ಪರೀಕ್ಷೆ ಫೆಬ್ರವರಿಯಲ್ಲಿ, ಅರ್ಜಿ ತುಂಬುವುದು ಹಿಂದಿನ ಸೆಪ್ಟೆಂಬರ್-ಅಕ್ಟೋಬರ್ ಹೊತ್ತಿಗೆ, ಪ್ರಶ್ನೆಪತ್ರಿಕೆ ಇಂಗ್ಲಿಷಿನಲ್ಲಿ ಮಾತ್ರ. ಕೊನೆಯ ವರ್ಷಕ್ಕೆ ಕಾಲಿಟ್ಟ ಮೇಲೆ ತಯಾರಿ ಶುರು ಮಾಡಿದರೆ ಸಾಲದು.

ಕಾಲೇಜಿನ ಅಧ್ಯಾಪಕರಲ್ಲಿ ಒಂದು ಕೋರಿಕೆ: ಬಿ.ಎಸ್ಸಿ. ಎರಡನೆಯ ವರ್ಷದಲ್ಲೇ ಮಕ್ಕಳಿಗೆ ಜಾಮ್ ಬಗ್ಗೆ, ವಿಜ್ಞಾನ ಅಕಾಡೆಮಿಗಳ ಬೇಸಿಗೆ ಫೆಲೋಶಿಪ್ ಬಗ್ಗೆ ಹೇಳಿ, ಫೆಲೋಶಿಪ್ಪಿಗೆ ಅರ್ಜಿ ತುಂಬಿಸಿ. ವಿದ್ಯಾರ್ಥಿಗಳೇ, ಸಂಸ್ಥೆಯ ಹೆಸರಿಗಿಂತ ಮೊದಲು ಮಾರ್ಗದರ್ಶಕರ ಇತ್ತೀಚಿನ ಒಂದೆರಡು ಪ್ರಬಂಧಗಳನ್ನು ಓದಿ. ಐದಾರು ವರ್ಷ ನೀವು ಬದುಕಬೇಕಾದದ್ದು ಅವರ ಸಂಶೋಧನೆಯ ಪ್ರಶ್ನೆಯ ಜೊತೆಗೆ.