ಮುಚ್ಚಿದ ದಾರಿ ಮತ್ತೆ ತೆರೆಯಿತೆ?

ನಿಮ್ಮ ಶ್ವಾಸಕೋಶದ ಲೋಮನಾಳಗಳ ಜಾಲ ಆಮ್ಲಜನಕ ಪಡೆಯುವ ತಾಣವಷ್ಟೇ ಅಲ್ಲ, ರಕ್ತವನ್ನು ಸೋಸುವ ಜರಡಿಯೂ ಹೌದು. ಕೆಲವರಲ್ಲಿ, ಬಹುಮಟ್ಟಿಗೆ ಒಂದು ಆನುವಂಶಿಕ ರೋಗದಿಂದಾಗಿ, ಅಪಧಮನಿಯು ಈ ಜಾಲವನ್ನು ತಪ್ಪಿಸಿ ನೇರವಾಗಿ ಅಭಿಧಮನಿಯನ್ನು ಸೇರುತ್ತದೆ. ಆಗ ಸಣ್ಣದೊಂದು ರಕ್ತದ ಹೆಪ್ಪು ಮಿದುಳನ್ನು ತಲಪಿ ಪಾರ್ಶ್ವವಾಯು ತರಬಹುದು.

1897ರಲ್ಲಿ ಇಂಗ್ಲೆಂಡಿನ ವೈದ್ಯ ಚರ್ಟನ್ ಇದನ್ನು ಶವಪರೀಕ್ಷೆಯಲ್ಲಿ ಕಂಡು ವರದಿ ಮಾಡಿದರು. 1940ರ ದಶಕದಲ್ಲಿ ಶಸ್ತ್ರಚಿಕಿತ್ಸೆ ಆರಂಭವಾಯಿತು. ಶ್ವಾಸಕೋಶದ ಭಾಗವನ್ನೇ ತೆಗೆಯಬೇಕಿತ್ತು. 1977ರಲ್ಲಿ ಬರ್ಲಿನ್ನಿನ ಪೋರ್ಸ್ಟ್‌ಮನ್, ತೆಳು ನಳಿಕೆಯ ಮೂಲಕ ಲೋಹದ ಸುರುಳಿ ಸೇರಿಸಿ ಆ ಅಡ್ಡದಾರಿಯನ್ನು ಮುಚ್ಚಿದ ವಿಧಾನವನ್ನು ಪ್ರಕಟಿಸಿದರು.

ಆದರೆ ಮುಚ್ಚಿದ ದಾರಿ ಮತ್ತೆ ತೆರೆದುಕೊಳ್ಳುವುದುಂಟು. ಹಾಗಾಗಿ ವರ್ಷಗಟ್ಟಲೆ ತಪಾಸಣೆ ಬೇಕು. ಸಿಟಿ ಸ್ಕ್ಯಾನ್ ವಾಡಿಕೆಯ ಕ್ರಮ. ಅದರಲ್ಲಿ ಪ್ರತಿ ಸಲವೂ ಎಕ್ಸ್-ಕಿರಣ ದೇಹಕ್ಕೆ ತಾಗುತ್ತದೆ; ಲೋಹವು ಚಿತ್ರದಲ್ಲಿ ಗೆರೆಗಳನ್ನು ಮೂಡಿಸಿ ನೋಟವನ್ನು ಮಸುಕುಗೊಳಿಸುತ್ತದೆ.

1973ರಲ್ಲಿ ಲಾಟರ್‌ಬರ್ ಕಾಂತೀಯ ಅನುರಣನದಿಂದ ಚಿತ್ರ ಪಡೆಯುವ ಬಗೆಯನ್ನು ತೋರಿಸಿದ್ದರು. ಶ್ವಾಸಕೋಶ ಮಾತ್ರ ಈ ಎಂಆರ್‌ಐಗೆ ಸುಲಭವಾಗಿ ಒಗ್ಗಲಿಲ್ಲ. ಏಕೆ ಗೊತ್ತೆ? ಅಲ್ಲಿ ಗಾಳಿಯೇ ಹೆಚ್ಚು, ಸಂಕೇತ ನೀಡುವ ಹೈಡ್ರೋಜನ್ ಕಡಿಮೆ. ಜೊತೆಗೆ ಉಸಿರಾಟದ ಅಲುಗಾಟ ಬೇರೆ. 1990ರ ದಶಕದಲ್ಲಿ ಗ್ಯಾಡೊಲಿನಿಯಮ್ ಸಂಯುಕ್ತವನ್ನು ಚುಚ್ಚಿ, ಒಮ್ಮೆ ಉಸಿರು ಬಿಗಿಹಿಡಿಯುವಷ್ಟರಲ್ಲಿ ರಕ್ತನಾಳಗಳ ಚಿತ್ರ ತೆಗೆಯುವುದು ಸಾಧ್ಯವಾಯಿತು.

ಈಗ ಕ್ಷಣಕ್ಷಣದ ಚಿತ್ರಗಳೂ ಲಭ್ಯ. ಚಿಕಿತ್ಸೆಯಾದ ಅಭಿಧಮನಿ ಉಳಿದ ಅಭಿಧಮನಿಗಳಿಗಿಂತ ಮೊದಲೇ ಬೆಳಗಿದರೆ, ದಾರಿ ಮತ್ತೆ ತೆರೆದಿದೆ ಎಂದು ಶಂಕಿಸಬೇಕು. ಪ್ಲಾಟಿನಮ್ ಸುರುಳಿ ಈ ಚಿತ್ರವನ್ನು ಅಷ್ಟಾಗಿ ಕೆಡಿಸದು, ಉಕ್ಕಿನದು ಕೆಡಿಸುತ್ತದೆ. ಆದ್ದರಿಂದ ಎಂಆರ್‌ಐ ಸಿಟಿಯನ್ನು ಪೂರ್ತಿ ಬದಿಗೊತ್ತಿಲ್ಲ. ಸಿಟಿ ಆಕಾರವನ್ನು ಹೇಳುತ್ತದೆ, ಎಂಆರ್‌ಐ ರಕ್ತದ ಹರಿವನ್ನು ತಿಳಿಸುತ್ತದೆ. ರೋಗಿಗೆ ಬೇಕಾದ ಉತ್ತರ ಹರಿವಿನಲ್ಲಿದೆಯಲ್ಲವೆ?