ಗಿಡ ನಮ್ಮದು, ನೆಲ ಯಾರದು?

ಬೀದಿ ಕೊನೆಯ ಖಾಲಿ ಜಾಗದಲ್ಲಿ ಎಲ್ಲರೂ ಸೇರಿ ಸೊಪ್ಪು, ತರಕಾರಿ ಬೆಳೆಯೋಣ, ಅದಕ್ಕೆ ಯಾರಾದ್ರೂ ಅನುದಾನ ಕೊಡ್ತಾರಾ? ಈ ಪ್ರಶ್ನೆ ಹಿಡಿದು ಓದ್ತಾ ಹೋದಾಗ ನನಗೆ ಸಿಕ್ಕಿದ್ದು ನ್ಯೂಯಾರ್ಕ್ ನಗರದ ಕತೆ. ಅಲ್ಲಿ ಅನುದಾನ ಸಿಕ್ಕಿತ್ತು. ಆದರೂ ತೋಟಗಳು ಹರಾಜಿಗೆ ಬಂದವು. ಯಾಕೆ ಅನ್ನೋದೇ ಇವತ್ತಿನ ಸಂಚಿಕೆ.

1970ರ ದಶಕದಲ್ಲಿ ನ್ಯೂಯಾರ್ಕ್ ದಿವಾಳಿಯ ಅಂಚಿಗೆ ಬಂದಿತ್ತು. ಬಡವರ ಬಡಾವಣೆಗಳಲ್ಲಿ ಎಷ್ಟೋ ಮಾಲೀಕರು ತೆರಿಗೆ ಕಟ್ಟದೆ ಕಟ್ಟಡಗಳನ್ನೇ ಬಿಟ್ಟು ಹೋದರು. ಕೆಲವು ಸುಟ್ಟುಹೋದವು, ಕೆಲವನ್ನು ಕೆಡವಿದರು. ಸಾವಿರಾರು ಸೈಟುಗಳು ನಗರಾಡಳಿತದ ಕೈಗೆ ಬಂದು ಕಸದ ಗುಡ್ಡೆಗಳಾದವು.

1973ರಲ್ಲಿ ಲಿಜ್ ಕ್ರಿಸ್ಟಿ ಅನ್ನೋ ಕಲಾವಿದೆ ಮತ್ತು ಅವರ ಗೆಳೆಯರು ಬೌವರಿ ಮತ್ತು ಹೌಸ್ಟನ್ ರಸ್ತೆಗಳು ಸೇರುವ ಮೂಲೆಯ ಇಂಥದ್ದೊಂದು ಜಾಗದ ಕಸ ಎತ್ತಿ, ಮಣ್ಣು ತುಂಬಿ, ಗಿಡ ನೆಟ್ಟರು. ತಮ್ಮ ಗುಂಪಿಗೆ ಗ್ರೀನ್ ಗೆರಿಲ್ಲಾಸ್ ಅಂತ ಹೆಸರಿಟ್ಟುಕೊಂಡರು. ಬೇಲಿ ಹಾಕಿದ್ದ ಖಾಲಿ ಸೈಟುಗಳೊಳಗೆ ಬೀಜದ ಉಂಡೆ ಎಸೀತಿದ್ರು! 1974ರಲ್ಲಿ ನಗರಾಡಳಿತ ಆ ಮೂಲೆಯನ್ನು ಅವರಿಗೆ ತಿಂಗಳಿಗೆ 1 ಡಾಲರ್ ಬಾಡಿಗೆಗೆ ಕೊಟ್ಟಿತು.

1978ರಲ್ಲಿ ನಗರವೇ ಗ್ರೀನ್‌ಥಂಬ್ ಯೋಜನೆ ಶುರು ಮಾಡಿತು. ಹಣ ಬಂದದ್ದು ಹೆಚ್ಚಾಗಿ ಕೇಂದ್ರ ಸರ್ಕಾರದ ಸಮುದಾಯ ಅಭಿವೃದ್ಧಿ ಅನುದಾನದಿಂದ. ಮಣ್ಣು, ಮರದ ಹಲಗೆ, ಸಲಕರಣೆ, ಬೀಜ ಎಲ್ಲ ಸಿಕ್ತಿತ್ತು. ನೂರಾರು ತೋಟಗಳು ಎದ್ದವು. ಪೋರ್ಟೊ ರಿಕೊದಿಂದ ವಲಸೆ ಬಂದ ಕುಟುಂಬಗಳು, ಕಪ್ಪು ಕುಟುಂಬಗಳು ಅಲ್ಲಿ ತರಕಾರಿ ಬೆಳೆದರು, ಹಬ್ಬ ಮಾಡಿದರು.

ಆದರೆ ಬಿ.ಕಾಂ. ಓದಿದ ನನ್ನ ಕಣ್ಣಿಗೆ ಇಲ್ಲೊಂದು ವಿಷಯ ಚುಚ್ಚಿತು. ಅನುದಾನ ಸಿಕ್ಕಿದ್ದೆಲ್ಲ ಖರ್ಚಿಗೆ. ಆಸ್ತಿ ಮಾತ್ರ ನಗರದ ಹೆಸರಲ್ಲೇ ಉಳೀತು. ನಗರ ಜಾಗ ವಾಪಸ್ ಕೇಳಿದರೆ ಖಾಲಿ ಮಾಡಬೇಕು, ಅದು ಕರಾರು. ಇಪ್ಪತ್ತು ವರ್ಷದ ಬೆವರು ಯಾವ ಲೆಕ್ಕದಲ್ಲೂ ಇರಲಿಲ್ಲ. ಕಡತದಲ್ಲಿ ಅದು ಇನ್ನೂ 'ಖಾಲಿ ನಿವೇಶನ'.

ತಮಾಷೆ ಅಂದ್ರೆ, ತೋಟಗಳಿಂದ ಬೀದಿ ಚೆನ್ನಾಯ್ತು, ಭೂಮಿಯ ಬೆಲೆಯೂ ಏರಿತು. 1999ರಲ್ಲಿ ಮೇಯರ್ ರೂಡಿ ಜೂಲಿಯಾನಿ ಅವರ ಆಡಳಿತ ನೂರಕ್ಕೂ ಹೆಚ್ಚು ತೋಟಗಳನ್ನು ಹರಾಜಿಗೆ ಇಟ್ಟಿತು. ಜನ ಬೀದಿಗಿಳಿದರು. ಹರಾಜಿಗೆ ಒಂದು ದಿನ ಮೊದಲು ಟ್ರಸ್ಟ್ ಫಾರ್ ಪಬ್ಲಿಕ್ ಲ್ಯಾಂಡ್ ಮತ್ತು ನಟಿ ಬೆಟ್ ಮಿಡ್ಲರ್ ಕಟ್ಟಿದ ಸಂಸ್ಥೆ ಸೇರಿ 42 ಲಕ್ಷ ಡಾಲರ್‌ಗೆ ಆ ತೋಟಗಳನ್ನು ಕೊಂಡುಕೊಂಡವು.

ಎಲ್ಲರಿಗೂ ಆ ಅದೃಷ್ಟ ಇರಲಿಲ್ಲ. ಎಸ್ಪೆರಾನ್ಸಾ, ಅಂದ್ರೆ ಸ್ಪ್ಯಾನಿಷ್‌ನಲ್ಲಿ 'ಭರವಸೆ', ಅನ್ನೋ ತೋಟವನ್ನು 2000ದ ಫೆಬ್ರವರಿಯಲ್ಲಿ ಬುಲ್ಡೋಜರ್ ನೆಲಸಮ ಮಾಡಿತು. ಅಡ್ಡ ಬಂದವರನ್ನು ಪೊಲೀಸರು ಬಂಧಿಸಿದರು. ತೋಟಗಳ ಮೇಲೆ ಕಟ್ಟಡ ಕಟ್ಟದಂತೆ ನ್ಯಾಯಾಲಯ ತಾತ್ಕಾಲಿಕ ತಡೆ ಕೊಟ್ಟಿದ್ದೂ ಅದೇ ದಿನ. ಆದರೆ ಎಸ್ಪೆರಾನ್ಸಾಗೆ ಅದು ತಡವಾಗಿತ್ತು.

ನಗರಕ್ಕೆ ಮನೆಗಳು ಬೇಕಿದ್ದವು ಅನ್ನೋದೂ ಸುಳ್ಳಲ್ಲ. ಅದಕ್ಕೇ 2002ರ ರಾಜಿಯಲ್ಲಿ ಒಂದಷ್ಟು ಜಾಗ ಮನೆಗಳಿಗೆ ಹೋಯಿತು, ಸುಮಾರು 400 ತೋಟಗಳು ಉಳಿದವು. ಮೊದಲು ಚೆಲ್ಲಿದ ಬೀಜದ ಆ ಮೂಲೆ ಇವತ್ತಿಗೂ ಲಿಜ್ ಕ್ರಿಸ್ಟಿ ಹೆಸರಲ್ಲೇ ಇದೆ.

ಹಾಗಾಗಿ ಅನುದಾನದ ಅರ್ಜಿ ಬರೆಯುವವರಿಗೆ ನನ್ನದೊಂದು ಮಾತು. ಗೊಬ್ಬರಕ್ಕೆಷ್ಟು, ಪೈಪಿಗೆಷ್ಟು ಅಂತ ಕೂಡಿಸುವ ಮೊದಲು ಮೂರು ಪ್ರಶ್ನೆ ಕೇಳಿ. ಜಾಗ ಯಾರ ಹೆಸರಲ್ಲಿದೆ? ಕರಾರು ಎಷ್ಟು ವರ್ಷಕ್ಕೆ? ಬಿಡಿ ಅಂದರೆ ಎಷ್ಟು ದಿನ ಟೈಮ್ ಕೊಡ್ತಾರೆ? ಸೊಪ್ಪು ತಿಂಗಳಲ್ಲಿ ಕೈಗೆ ಬರುತ್ತೆ. ನುಗ್ಗೆ, ನಿಂಬೆ, ಮಾವು ನೆಡೋದಕ್ಕೆ ಮುಂಚೆ ಈ ಉತ್ತರಗಳು ಕಾಗದದ ಮೇಲೆ, ಸಹಿಯ ಸಮೇತ ಇರಲಿ.

ಮುಂದಿನ ವಾರ ಸಿಗೋಣ.