ಉಪ್ಪಿನ ತೆರಿಗೆ ಮತ್ತು ಫ್ರೆಂಚ್ ಅಡಿಗೆಮನೆ

1789ರ ಕ್ರಾಂತಿಗೆ ಮುಂಚಿನ ಫ್ರಾನ್ಸಿನ ಜನಜೀವನವನ್ನು ಅರಿಯಬಯಸುವವರು ವರ್ಸೇಲ್ಸ್ ಅರಮನೆಗಿಂತ ಮೊದಲು ರೈತನ ಉಪ್ಪಿನ ಮರಿಗೆಯನ್ನು ನೋಡುವುದು ಲೇಸು. 'ಗಾಬೆಲ್' ಎಂಬ ಉಪ್ಪಿನ ತೆರಿಗೆ ದೇಶಕ್ಕೆಲ್ಲ ಒಂದೇ ಸಮನಾಗಿರಲಿಲ್ಲ. ಪ್ಯಾರಿಸನ್ನೊಳಗೊಂಡ 'ಮಹಾಗಾಬೆಲ್' ಪ್ರಾಂತಗಳಲ್ಲಿ ಎಂಟು ವರ್ಷ ಮೀರಿದ ಪ್ರತಿಯೊಬ್ಬರ ಲೆಕ್ಕಕ್ಕೂ ವರ್ಷಕ್ಕೆ 7 ಫ್ರೆಂಚ್ ಪೌಂಡು, ಎಂದರೆ ಸುಮಾರು ಮೂರೂವರೆ ಕಿಲೋಗ್ರಾಂ ಉಪ್ಪನ್ನು ಸರ್ಕಾರಿ ಉಗ್ರಾಣದಿಂದ ಕೊಳ್ಳಲೇಬೇಕಾಗಿತ್ತು. ಬೇಡವೆನ್ನುವಂತಿರಲಿಲ್ಲ. ಕೊಂಡ ಮೇಲೂ ಅದು ಊಟದ ತಟ್ಟೆಗೆ, ಅಡಿಗೆಯ ಮಡಕೆಗೆ ಮಾತ್ರ ಸಲ್ಲತಕ್ಕದ್ದು. ಚಳಿಗಾಲಕ್ಕೆಂದು ಹಂದಿಯ ಮಾಂಸಕ್ಕೆ ಸವರಿ ಕೂಡಿಟ್ಟರೆ ಅಪರಾಧ. ಅದಕ್ಕೆ ಬೇರೆಯೇ ಉಪ್ಪನ್ನು ಕೊಳ್ಳಬೇಕು! ಅಡಿಗೆಮನೆಯನ್ನು ಇಷ್ಟು ಒಳಹೊಕ್ಕ ತೆರಿಗೆ ವಿರಳವೆಂದೇ ನನ್ನ ಎಣಿಕೆ.

ನೆರೆಯ ಬ್ರಿಟನಿ ಪ್ರಾಂತಕ್ಕೆ ಈ ತೆರಿಗೆಯಿಂದ ವಿನಾಯಿತಿಯಿತ್ತು. ಬೆಲೆಯ ಅಂತರ ಇಪ್ಪತ್ತು ಪಟ್ಟಿಗೂ ಮಿಕ್ಕಿದ್ದುದರಿಂದ ಲಾವಾಲ್ ಸುತ್ತಣ ಗಡಿಯಲ್ಲಿ ಗಂಡಸರು ಮೂಟೆ ಹೊತ್ತರು, ಹೆಂಗಸರು ಉಡುಪಿನೊಳಗೆ ಅಡಗಿಸಿದರು; ನಾಯಿಗಳನ್ನು ಸಹ ಈ ಕಳ್ಳಸಾಗಣೆಗೆ ಪಳಗಿಸಿದ್ದರು.

ವಸೂಲಿಯ ಗುತ್ತಿಗೆ ಹಿಡಿದವರು ಧನಿಕರು. ರಾಜನಿಗೆ ಮುಂಗಡ ಕೊಟ್ಟು, ಬಳಿಕ ಪ್ರಜೆಗಳಿಂದ ಎತ್ತುವುದು ಇವರ ಕ್ರಮ. ರಸಾಯನಶಾಸ್ತ್ರಜ್ಞ ಲವಾಸಿಯೇ ಕೂಡ ಇವರಲ್ಲೊಬ್ಬ. 1794ರಲ್ಲಿ ಇತರ ಗುತ್ತಿಗೆದಾರರೊಡನೆ ಆತನ ಶಿರಚ್ಛೇದವಾಯಿತು. ಗಾಬೆಲ್ 1790ರಲ್ಲಿಯೇ ರದ್ದಾಗಿತ್ತು. 1806ರಲ್ಲಿ ನೆಪೋಲಿಯನ್ ಉಪ್ಪಿಗೆ ಮರಳಿ ತೆರಿಗೆ ಹಾಕಿದನು.